ಉಮ್ಮನ ಉಂಗುರದ ಕೆಂಪು ಕಲ್ಲು

ನಮ್ಮ ಉಮ್ಮನ ಬೆರಳಿನಲ್ಲಿ ಒಂದು ಕೆಂಪು ಕಲ್ಲಿನ ಉಂಗುರವಿತ್ತು. ಕೊಲಂಬೊದ ಅಂಗಡಿಯೊಂದರಲ್ಲಿ ಇಪ್ಪತ್ತು ವರ್ಷ ದುಡಿದ ಅಜ್ಜ, ಮಗಳ ಮದುವೆಗೆಂದು 1962ರಲ್ಲಿ ತಂದದ್ದು ಅದು. ಮೀನು ಕೊಯ್ಯುವಾಗ ಮಾತ್ರ ಉಮ್ಮ ಅದನ್ನು ಕಳಚಿ ಉಪ್ಪಿನ ಭರಣಿಯ ಮುಚ್ಚಳದ ಮೇಲೆ ಇಡುತ್ತಿದ್ದರು. ಕಿಟಕಿಯ ಬಿಸಿಲು ಅದರ ಮೇಲೆ ಬಿದ್ದರೆ ಗೋಡೆಯಲ್ಲಿ ಒಂದು ಕೆಂಪು ಚುಕ್ಕೆ ಕುಣಿಯುತ್ತಿತ್ತು. ನಾವು ಮೂವರು ಮಕ್ಕಳು, ಇಬ್ಬರು ಅಣ್ಣ ತಮ್ಮಂದಿರು ಮತ್ತು ಒಬ್ಬ ತಂಗಿ, ಆ ಚುಕ್ಕೆಯನ್ನು ಹಿಡಿಯಲು ಓಡುತ್ತಿದ್ದೆವು.

1988ರಲ್ಲಿ ನಮ್ಮಲ್ಲಿ ಹಿರಿಯವನಿಗೆ ಕಾಲೇಜಿನ ಶುಲ್ಕ ಕಟ್ಟಬೇಕಾಗಿ ಬಂತು. ಉಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಉಮ್ಮ ಒಂದು ಮಧ್ಯಾಹ್ನ ಒಬ್ಬರೇ ಪೇಟೆಗೆ ಹೋಗಿ ಸಂಜೆ ಹಿಂತಿರುಗಿದರು. ನೋಟುಗಳನ್ನು ಎಣಿಸಿ ಮೇಜಿನ ಮೇಲಿಟ್ಟರು. ಬೆರಳು ಬರಿದಾಗಿತ್ತು. ಅವರೂ ಏನೂ ಹೇಳಲಿಲ್ಲ, ನಾವೂ ಏನೂ ಕೇಳಲಿಲ್ಲ.

2009ರ ಹೊತ್ತಿಗೆ ಮೂವರ ಕೈಯಲ್ಲೂ ನಾಲ್ಕು ಕಾಸು ಓಡಾಡತೊಡಗಿತ್ತು. ಉಮ್ಮನಿಗೆ ಅಂಥದೇ ಒಂದು ಮಾಣಿಕ್ಯದ ಉಂಗುರ ಕೊಡಿಸಬೇಕೆಂದು ನಿಶ್ಚಯಿಸಿದೆವು. ಮಾಣಿಕ್ಯದ ಬಗ್ಗೆ ನಮಗೆ ಗೊತ್ತಿದ್ದುದು ಮೂರೇ ಸಂಗತಿ: ಕೆಂಪಗಿರಬೇಕು, ದೊಡ್ಡದಿರಬೇಕು, ಹೊಳೆಯಬೇಕು. ಪೇಟೆಯ ಅಂಗಡಿಯಲ್ಲಿ ಸಾಲು ದೀಪಗಳ ಕೆಳಗೆ ಈ ಮೂರೂ ಗುಣವಿದ್ದ ಕಲ್ಲು ಸಿಕ್ಕಿತು. ಐದು ಕ್ಯಾರೆಟ್ ತೂಕ. "ನ್ಯಾಚುರಲ್ ತಾನೇ?" ಎಂದು ನಾವು ಎರಡು ಸಲ ಕೇಳಿದೆವು. "ನೂರಕ್ಕೆ ನೂರು ನ್ಯಾಚುರಲ್" ಎಂದು ಅಂಗಡಿಯವರು ಎರಡು ಸಲ ಹೇಳಿದರು. ನಲವತ್ತೈದು ಸಾವಿರ ರೂಪಾಯಿ ಕೊಟ್ಟೆವು. ಅದರಲ್ಲಿ ತಂಗಿಯ ಚೀಟಿ ಹಣವೂ ಸೇರಿತ್ತು.

ಉಮ್ಮ ಉಂಗುರವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಕಲ್ಲು ಬಹಳ ದೊಡ್ಡದಾಯಿತು ಮಕ್ಕಳೇ" ಎಂದಷ್ಟೇ ಹೇಳಿದರು. ಬೆರಳಿಗೆ ಅದು ಬಿಗಿಯಾಗುತ್ತಿತ್ತು. ಸಡಿಲ ಮಾಡಿಸೋಣವೆಂದು ಊರಿನ ಆಚಾರ್ರ ಬಳಿ ಕೊಟ್ಟೆವು.

ಎರಡು ದಿನ ಕಳೆದು ಹೋದಾಗ ಆಚಾರ್ರು ಬಾಗಿಲಲ್ಲೇ ನಿಂತಿದ್ದರು. ಅವರ ಮುಖ ಬಿಳಿಚಿಕೊಂಡಿತ್ತು. ಉಂಗುರದ ಬಳೆಯನ್ನು ಕತ್ತರಿಸಿ, ಚೂರು ಚಿನ್ನ ಸೇರಿಸಿ, ಬೆಸುಗೆ ಹಾಕಿ, ಕಪ್ಪು ಹೋಗಲೆಂದು ಎಂದಿನಂತೆ ದ್ರಾವಕದಲ್ಲಿ ಅದ್ದಿದ್ದರು. ತೆಗೆದು ನೋಡಿದರೆ ಕಲ್ಲಿನ ತುಂಬ ಜೇಡರ ಬಲೆಯಂತೆ ಬಿಳಿ ಬಿರುಕು. "ನಲವತ್ತು ವರ್ಷದ ಕಸುಬಿನಲ್ಲಿ ಹೀಗೆ ಆದದ್ದಿಲ್ಲ" ಎಂದು ಅವರು ಹೇಳುತ್ತಲೇ ಇದ್ದರು. ನಾವು ಕೇಳಿಸಿಕೊಳ್ಳಲಿಲ್ಲ. ಬೀದಿಯಲ್ಲಿ ನಾಲ್ಕು ಜನ ಸೇರುವಷ್ಟು ದನಿಯೇರಿಸಿದೆವು. ತಿಂಗಳಿಗಿಷ್ಟೆಂದು ಕೊಟ್ಟು ತೀರಿಸುತ್ತೇನೆಂದು ಅವರು ಕೈಮುಗಿದರು. ನಾವು ಅದಕ್ಕೆ ಒಪ್ಪಿ ಮನೆಗೆ ಬಂದೆವು. ಇದನ್ನು ಬರೆಯುವಾಗಲೂ ನಮಗೆ ನಾಚಿಕೆಯಾಗುತ್ತದೆ.

ಕಲ್ಲನ್ನು ಮತ್ತೆ ಪಾಲಿಶ್ ಮಾಡಿಸಬಹುದೇ ಎಂದು ಕೇಳಲು ನಗರದ ರತ್ನಪರೀಕ್ಷಕರೊಬ್ಬರ ಬಳಿ ಹೋದೆವು. ಅವರು ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನಮ್ಮನ್ನೇ ನೋಡಲು ಕರೆದರು. ಒಳಗೆ ಗಾಳಿಯ ಗುಳ್ಳೆಗಳಿದ್ದವು. ಕಲ್ಲನ್ನು ಸ್ವಲ್ಪ ಓರೆ ಮಾಡಿದಾಗ ಬಿರುಕುಗಳ ಒಳಗಿನಿಂದ ನೀಲಿ ಮಿಂಚು ಹೊರಟಿತು. ಮಾಣಿಕ್ಯದೊಳಗೆ ನೀಲಿ ಹೇಗೆ ಬಂತೆಂದು ಕೇಳಿದಾಗ ಅವರು ವಿವರಿಸಿದರು. ಇದು ನೆಲದಿಂದ ಬಂದ ಕಲ್ಲೇ ಹೌದು. ಆದರೆ ಹೊರತೆಗೆದಾಗ ಬಿರುಕು ಬಿಟ್ಟ, ಮಂಕಾದ, ಉಂಗುರಕ್ಕೆ ಬಾರದ ಚೂರು. ಕುಲುಮೆಯ ಶಾಖದಲ್ಲಿ ಸೀಸ ಬೆರೆತ ಗಾಜನ್ನು ಕರಗಿಸಿ ಬಿರುಕುಗಳ ಒಳಗೆ ಇಳಿಸಿದ್ದಾರೆ. ಗಾಜು ತುಂಬಿದ ಮೇಲೆ ಬಿರುಕು ಕಣ್ಣಿಗೆ ಕಾಣುವುದಿಲ್ಲ, ಕಲ್ಲು ತಿಳಿಯಾಗುತ್ತದೆ. ಇಂಥ ಕಲ್ಲುಗಳು 2004ರ ಸುಮಾರಿಗೆ ಮಾರುಕಟ್ಟೆಗೆ ಬರತೊಡಗಿದವು. ಈ ಗಾಜು ಬೆಸುಗೆಯ ಬೆಂಕಿಯನ್ನೂ ದ್ರಾವಕವನ್ನೂ ತಾಳುವುದಿಲ್ಲ. ನಿಂಬೆಹಣ್ಣಿನ ರಸವೂ ಅದನ್ನು ಕೆಡಿಸಬಲ್ಲದು. ನಿಜವಾದ ಗಟ್ಟಿ ಮಾಣಿಕ್ಯವಾಗಿದ್ದರೆ ಆಚಾರ್ರ ದ್ರಾವಕದಿಂದ ಅದಕ್ಕೆ ಏನೂ ಆಗುತ್ತಿರಲಿಲ್ಲ.

ಅಂಗಡಿಗೆ ಹೋದೆವು. "ನಾವು ನ್ಯಾಚುರಲ್ ಎಂದಿದ್ದೆವು, ನ್ಯಾಚುರಲ್ಲೇ ಇದೆಯಲ್ಲ" ಎಂಬ ಉತ್ತರ ಬಂತು. ರಸೀದಿ ತೆಗೆದು ನೋಡಿದರೆ ಅದರಲ್ಲಿ ಮಾಣಿಕ್ಯವೆಂಬ ಪದವೇ ಇರಲಿಲ್ಲ. 'ಕೆಂಪು ಕಲ್ಲಿನ ಉಂಗುರ' ಎಂದಷ್ಟೇ ಬರೆದಿತ್ತು. ನಾವು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಕಲ್ಲು ನೆಲದಿಂದ ಬಂತೇ ಎಂದು ಕೇಳಿದ್ದೆವು. ನೆಲದಿಂದ ಬಂದ ಮೇಲೆ ಅದಕ್ಕೆ ಏನೇನು ಮಾಡಿದ್ದೀರಿ ಎಂದು ಕೇಳಿರಲಿಲ್ಲ.

ಅಂದು ಸಂಜೆ ಮೂವರೂ ಆಚಾರ್ರ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಅವರು ಮೊದಲು ಮಾತಾಡಲಿಲ್ಲ. ಮತ್ತೆ ಹೆಂಡತಿಯನ್ನು ಕರೆದು ಚಹಾ ತರಲು ಹೇಳಿದರು. ಸುದ್ದಿ ಹರಡಿ ಆ ಎರಡು ವಾರ ಅವರ ಬಳಿ ಒಬ್ಬರೂ ಕಲ್ಲಿನ ಕೆಲಸ ತಂದಿರಲಿಲ್ಲವೆಂದು ನಮಗೆ ಆಮೇಲೆ ತಿಳಿಯಿತು. ಬೇರೆಯವರ ಸುಳ್ಳಿಗೆ ದಂಡ ತೆತ್ತದ್ದು ಅವರು, ತೆರುವಂತೆ ಮಾಡಿದ್ದು ನಾವು.

ಉಮ್ಮನಿಗೆ ಮಾತ್ರ ನಿಜ ಹೇಳುವ ಧೈರ್ಯವಾಗಲಿಲ್ಲ. "ಆಚಾರ್ರಿಗೆ ಕೆಲಸ ಜಾಸ್ತಿ" ಎನ್ನುತ್ತ ಮೂರು ತಿಂಗಳು ದೂಡಿದೆವು. ನಮ್ಮಲ್ಲಿ ಕಿರಿಯವನಿಗೆ ಬಟ್ಟೆ ವ್ಯಾಪಾರ. ಅಚ್ಚಿನ ಬಟ್ಟೆಗಾಗಿ ಅವನು ವರ್ಷಕ್ಕೊಮ್ಮೆ ಜೈಪುರಕ್ಕೆ ಹೋಗುತ್ತಾನೆ. 2010ರ ಫೆಬ್ರವರಿಯಲ್ಲಿ ಅಣ್ಣ ತಮ್ಮಂದಿರು ಜೊತೆಯಾಗಿಯೇ ಹೊರಟೆವು. ತಂಗಿ ಉಳಿದ ಬಳೆಯೊಂದನ್ನು ಅಡವಿಟ್ಟು ಹಣ ಕೊಟ್ಟಳು.

ಜೈಪುರ ಬಣ್ಣದ ಕಲ್ಲುಗಳನ್ನು ಕತ್ತರಿಸಿ ಮಾರುವ ದೊಡ್ಡ ಪೇಟೆ. ಜೋಹರಿ ಬಜಾರಿನ ಆಚೀಚೆಯ ಓಣಿಗಳಲ್ಲಿ ಕಾಗದದ ಪೊಟ್ಟಣಗಳಲ್ಲೇ ಲಕ್ಷಗಟ್ಟಲೆ ವ್ಯಾಪಾರ ನಡೆಯುತ್ತದೆ. ಕಲ್ಲು ಉಜ್ಜಿ ಪಟ್ಟಿ ಕೊರೆಯುವ ಕಸುಬಿನಲ್ಲಿ ಮುಸ್ಲಿಮ್ ಕುಟುಂಬಗಳು ಬಹಳ. ಬಟ್ಟೆಯ ವರ್ತಕರೊಬ್ಬರು ನಮ್ಮನ್ನು ಒಬ್ಬ ಹಿರಿಯ ವ್ಯಾಪಾರಿಯ ಬಳಿ ಕರೆದೊಯ್ದರು. ನಮ್ಮ ಮುರುಕು ಉರ್ದುವಿನಲ್ಲಿ ನಡೆದ ಸಂಗತಿ ಹೇಳಿದೆವು. ಅವರು ನಗಲಿಲ್ಲ. ಉತ್ತರಕ್ಕೆ ತೆರೆದ ಕಿಟಕಿಯ ಬಳಿ ಕೂರಿಸಿ, ಬಿಳಿ ಕಾಗದದ ಮೇಲೆ ಐದು ಕೆಂಪು ಕಲ್ಲುಗಳನ್ನಿಟ್ಟರು. "ಯಾವುದಕ್ಕೆ ಹೆಚ್ಚು ಬೆಲೆ, ಯಾವುದಕ್ಕೆ ಕಡಿಮೆ, ಸಾಲಾಗಿ ಇಡಿ" ಎಂದರು.

ಎಲ್ಲಕ್ಕಿಂತ ಗಾಢವಾಗಿದ್ದುದನ್ನು ನಾವು ಮೊದಲಿಟ್ಟೆವು. ಅವರು ಅದನ್ನು ಕಿಟಕಿಯಿಂದ ದೂರಕ್ಕೆ, ಮೂಲೆಯ ನೆರಳಿಗೆ ಒಯ್ದರು. ಅಲ್ಲಿ ಅದು ಒಣಗಿದ ಪುನರ್ಪುಳಿ ಸಿಪ್ಪೆಯ ಹಾಗೆ ಕಪ್ಪಾಯಿತು. ಅದು ಮಾಣಿಕ್ಯವೇ ಅಲ್ಲ, ಗಾರ್ನೆಟ್. ನಾವು ಕಡೆಗಿಟ್ಟಿದ್ದ ಚಿಕ್ಕ ಕಲ್ಲು ಅದೇ ಮೂಲೆಯಲ್ಲೂ ದಾಳಿಂಬೆ ಕಾಳಿನ ಹಾಗೆ ಕೆಂಪಾಗಿಯೇ ಇತ್ತು. ಐದರಲ್ಲಿ ಬೆಲೆಯುಳ್ಳದ್ದು ಅದೊಂದೇ.

ಬಣ್ಣವನ್ನು ನೋಡುವಾಗ ಮೂರು ಪ್ರಶ್ನೆ ಕೇಳಬೇಕೆಂದು ಅವರು ಕಲಿಸಿದರು. ಮೊದಲನೆಯದು, ಇದು ಯಾವ ಕೆಂಪು? ಅಪ್ಪಟ ಕೆಂಪು, ಅಥವಾ ಒಂದಿಷ್ಟೇ ನೇರಳೆಯ ಸೋಂಕಿರುವ ಕೆಂಪು ಮೇಲ್ದರ್ಜೆಯದು. ಕಿತ್ತಳೆಗೋ ಕಂದಿಗೋ ಹೊರಳಿದರೆ ಬೆಲೆ ಇಳಿಯುತ್ತದೆ. ಎರಡನೆಯದು, ಎಷ್ಟು ಗಾಢ? ತೀರಾ ಗಾಢವಾದರೆ ಒಳಗೆ ಬೆಳಕು ಸತ್ತುಹೋಗುತ್ತದೆ. ತೀರಾ ತಿಳಿಯಾದರೆ ಪನ್ನೀರು ಹಣ್ಣಿನ ಗುಲಾಬಿಯಾಗುತ್ತದೆ. ಆಗ ಅದನ್ನು ಮಾಣಿಕ್ಯವೆನ್ನಬೇಕೋ ಗುಲಾಬಿ ನೀಲವೆನ್ನಬೇಕೋ ಎಂಬುದರಲ್ಲಿ ವ್ಯಾಪಾರಿಗಳಿಗೂ ಪರೀಕ್ಷಾಲಯಗಳಿಗೂ ಒಮ್ಮತವಿಲ್ಲ. ಅಜ್ಜ ದುಡಿದ ಸಿಂಹಳದ ಕಲ್ಲುಗಳಲ್ಲಿ ಬಹಳಷ್ಟು ಈ ಗಡಿಯಲ್ಲೇ ಬರುತ್ತವೆ. ಮೂರನೆಯದು, ಬಣ್ಣಕ್ಕೆ ಜೀವವಿದೆಯೇ? ಒಂದೇ ಗಾಢತೆಯ ಎರಡು ಕಲ್ಲುಗಳಲ್ಲಿ ಒಂದು ಕೆಂಡದಂತೆ, ಇನ್ನೊಂದು ಇಟ್ಟಿಗೆಯಂತೆ ಇರಬಹುದು. ಬೆಲೆ ನಿಲ್ಲುವುದು ಹೆಚ್ಚಾಗಿ ಈ ಮೂರನೆಯದರ ಮೇಲೆ.

ಇದರ ಕಾರಣವನ್ನು ನಾವು ಆಮೇಲೆ ಓದಿ ತಿಳಿದೆವು. ಮಾಣಿಕ್ಯವೂ ನೀಲವೂ ಒಂದೇ ಖನಿಜ. ಅಲ್ಯೂಮಿನಿಯಂ ಮತ್ತು ಆಮ್ಲಜನಕ ಸೇರಿ ಆದದ್ದು, ಹೆಸರು ಕುರುಂದ. ಇಂಗ್ಲಿಷಿನ 'ಕೊರಂಡಮ್' ಎಂಬ ಪದವೇ ನಮ್ಮ ದಕ್ಷಿಣದ ಭಾಷೆಗಳಿಂದ ಹೋದದ್ದು. ಕಾಠಿಣ್ಯದಲ್ಲಿ ಅದು ಒಂಬತ್ತು, ವಜ್ರ ಹತ್ತು. ಅದರೊಳಗೆ ನೂರರಲ್ಲಿ ಒಂದು ಪಾಲಿನಷ್ಟೋ ಅದಕ್ಕಿಂತ ಕಡಿಮೆಯೋ ಕ್ರೋಮಿಯಂ ಸೇರಿದರೆ ಕೆಂಪು ಬರುತ್ತದೆ. ಈ ಕ್ರೋಮಿಯಂ ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳನ್ನು ಹೀರಿ ತಾನೇ ಕೆಂಪಾಗಿ ಬೆಳಗುತ್ತದೆ. ಕಬ್ಬಿಣದ ಅಂಶ ಹೆಚ್ಚಿದ್ದರೆ ಆ ಬೆಳಗು ಆರಿಹೋಗುತ್ತದೆ. ಬರ್ಮಾದ ಮೊಗೊಕ್ ಕಣಿವೆಯ ಅಮೃತಶಿಲೆಯಲ್ಲಿ ಹುಟ್ಟಿದ ಕಲ್ಲುಗಳಲ್ಲಿ ಕಬ್ಬಿಣ ಕಡಿಮೆ, ಆದ್ದರಿಂದ ಅವುಗಳಿಗೆ ಹೆಸರು. ಥಾಯ್ಲೆಂಡಿನ ಕಲ್ಲುಗಳಲ್ಲಿ ಕಬ್ಬಿಣ ಹೆಚ್ಚು, ಆದ್ದರಿಂದ ಅವು ಸ್ವಲ್ಪ ಮಂಕು. ನಮ್ಮ ಜಿಲ್ಲೆಯ ಸುಳ್ಯ, ಸುಬ್ರಹ್ಮಣ್ಯದ ಕಡೆಯ ಕಾಡುಗಳಲ್ಲಿ ಕಳ್ಳತನದಿಂದ ಅಗೆಯುತ್ತಾರೆಂದು ಸುದ್ದಿಯಾಗುವ ಕೆಂಪು ಹರಳು ಕೂಡ ಕುರುಂದವೇ. ಆದರೆ ಅದರಲ್ಲಿ ಹೆಚ್ಚಿನದಕ್ಕೆ ಪಾರದರ್ಶಕತೆಯಿಲ್ಲ.

ಹಿರಿಯರು ಅನಂತರ ಬೆಳಕಿನ ಆಟ ತೋರಿಸಿದರು. ಹಳದಿ ಬಲ್ಬಿನ ಕೆಳಗೆ ಐದೂ ಕಲ್ಲು ಸುಂದರವಾದವು. ಬಿಳಿ ಟ್ಯೂಬ್‌ಲೈಟಿನ ಕೆಳಗೆ ಐದೂ ಸಪ್ಪೆಯಾದವು. ಅಂಗಡಿಯ ದೀಪದ ಕೆಳಗೆ ಮಾತ್ರ ನೋಡಿ ಮಾಣಿಕ್ಯ ಕೊಂಡವನು ದೀಪಕ್ಕೂ ಸೇರಿಸಿ ಬೆಲೆ ಕೊಟ್ಟಂತೆ ಎಂದರು. ಹಗಲಿನಲ್ಲಿ, ನೇರ ಬಿಸಿಲು ಬೀಳದ ಕಿಟಕಿಯ ಬಳಿ, ಬಿಳಿ ಕಾಗದದ ಮೇಲಿಟ್ಟು ನೋಡಬೇಕು. ಆಮೇಲೆ ನೆರಳಿಗೆ ಒಯ್ಯಬೇಕು. ಒಂದೇ ಕಲ್ಲನ್ನು ನೋಡಬಾರದು, ನಾಲ್ಕೈದನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಬಹಳ ಹೊತ್ತು ಕೆಂಪನ್ನೇ ನೋಡಿದರೆ ಕಣ್ಣು ದಣಿದು ಎಲ್ಲವೂ ಒಂದೇ ಎನಿಸುತ್ತದೆ. ಆಗ ಎದ್ದು ಹೊರಗೆ ಹೋಗಿ ಬರಬೇಕು. ಉಂಗುರದಲ್ಲಿ ಆಗಲೇ ಕೂರಿಸಿದ ಕಲ್ಲಾದರೆ ಹಿಂಬದಿ ತೆರೆದಿದೆಯೇ ನೋಡಬೇಕು. ಮುಚ್ಚಿದ ಮನೆಯ ಕೆಳಗೆ ಬಣ್ಣದ ತಗಡಿನ ಹಾಳೆ ಇಟ್ಟರೆ ತಿಳಿಯಾದ ಕಲ್ಲೂ ಕೆಂಪಾಗಿ ಕಾಣುತ್ತದೆ.

ಕಲ್ಲನ್ನು ಮೇಲಿನಿಂದ ನೋಡುವಾಗ ನಡುವೆ ಕನ್ನಡಿಯಿಲ್ಲದ ಕಿಟಕಿಯಂತೆ ಕೆಳಗಿನ ಕಾಗದ ಕಂಡರೆ ಕತ್ತರಿಸಿದ್ದು ಸರಿಯಿಲ್ಲ. ಹೊಟ್ಟೆ ದಪ್ಪವಿದ್ದರೆ ತೂಕಕ್ಕೆ ಹಣ ಕೊಡುತ್ತೇವೆ, ಆ ತೂಕ ಕಣ್ಣಿಗೆ ಕಾಣುವುದಿಲ್ಲ. ರತ್ತಿಯ ಲೆಕ್ಕ ಊರಿಂದ ಊರಿಗೆ ಬದಲಾಗುವುದರಿಂದ ಕ್ಯಾರೆಟ್ಟಿನಲ್ಲೇ ಕೇಳಬೇಕು. ಕ್ಯಾರೆಟ್ ಎಂದರೆ ಎಲ್ಲೆಡೆಯೂ 0.2 ಗ್ರಾಂ.

ಬಳಿಕ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಕೈಗಿತ್ತರು. ಒಳ್ಳೆಯ ಕಲ್ಲಿನೊಳಗೂ ಸೂಜಿಯಂಥ ಎಳೆಗಳು, ಬೆರಳಚ್ಚಿನಂಥ ಗುರುತುಗಳು ಇದ್ದವು. ನಮಗೆ ಅವು ದೋಷವಾಗಿ ಕಂಡವು. "ಏನೂ ಇಲ್ಲದ ದೊಡ್ಡ ಮಾಣಿಕ್ಯ ಅಗ್ಗಕ್ಕೆ ಸಿಕ್ಕಿದರೆ ಹೆದರಬೇಕು" ಎಂದರು ಹಿರಿಯರು. ಆ ಎಳೆಗಳನ್ನು ರೇಷ್ಮೆ ಎನ್ನುತ್ತಾರೆ. ಕಲ್ಲನ್ನು ಹೆಚ್ಚು ಶಾಖಕ್ಕೆ ಒಡ್ಡಿದರೆ ಅವು ಕರಗಿ ತುಂಡಾಗುತ್ತವೆ. ಶಾಖ ಕೊಟ್ಟದ್ದೋ ಇಲ್ಲವೋ ಎಂದು ಪರೀಕ್ಷಕರು ತಿಳಿಯುವ ದಾರಿಗಳಲ್ಲಿ ಅದೊಂದು. ಇಂದು ಪೇಟೆಗೆ ಬರುವ ಮಾಣಿಕ್ಯಗಳಲ್ಲಿ ಬಹುಪಾಲು ಶಾಖ ಕಂಡವೇ. ಶಾಖ ಮಾತ್ರ ಕೊಟ್ಟದ್ದಾದರೆ ಬಣ್ಣ ಬಾಳುತ್ತದೆ, ಮೋಸವೇನಲ್ಲ. ಹೇಳದೆ ಮಾರಿದರೆ ಮೋಸ.

ಅವರು ಎರಡು ಪದ ಬಳಸುತ್ತಿದ್ದರು, ಯಾಕೂತ್ ಮತ್ತು ಲಅಲ್. ಮೊದಲನೆಯದು ಮಾಣಿಕ್ಯ. ಎರಡನೆಯದು ಅದರಂತೆಯೇ ಕಾಣುವ ಸ್ಪಿನೆಲ್. ಸಾವಿರ ವರ್ಷದ ಹಿಂದೆಯೇ ಅಲ್‌ಬಿರೂನಿ ರತ್ನಗಳ ಕುರಿತ ತಮ್ಮ ಗ್ರಂಥದಲ್ಲಿ ಇವೆರಡನ್ನೂ ಬೇರೆ ಮಾಡಿದ್ದರು. ಕಲ್ಲುಗಳನ್ನು ನೀರಿನಲ್ಲಿ ಮುಳುಗಿಸಿ ಅಳೆದು, ಒಂದೇ ಗಾತ್ರಕ್ಕೆ ಲಅಲ್ ಹಗುರವೆಂದು ಕಂಡುಕೊಂಡಿದ್ದರು. ಆದರೂ ಇಂಗ್ಲೆಂಡಿನ ರಾಜಕಿರೀಟದ ಮುಂಭಾಗದಲ್ಲಿರುವ, 'ಬ್ಲ್ಯಾಕ್ ಪ್ರಿನ್ಸ್'ನ ಮಾಣಿಕ್ಯವೆಂದು ಹೆಸರಾದ ಕಲ್ಲು ಸ್ಪಿನೆಲ್ಲೇ. ಅರಸರೂ ಬಣ್ಣಕ್ಕೇ ಮಾರುಹೋದರೆಂದು ತಿಳಿದಾಗ ನಮ್ಮ ಮನಸ್ಸಿಗೆ ಸ್ವಲ್ಪ ಸಮಾಧಾನವಾಯಿತು.

ಕೊನೆಗೆ ನಾವು ಕೊಂಡದ್ದು 1.2 ಕ್ಯಾರೆಟ್ಟಿನ ಒಂದು ಕಲ್ಲು. ಮೊದಲಿನದರ ಕಾಲು ಭಾಗ ತೂಕ, ಬೆಲೆ ಅದಕ್ಕಿಂತ ಹೆಚ್ಚು. ಅಂಚಿನಲ್ಲಿ ಒಂದು ಸಣ್ಣ ಗುರುತಿದೆ, ನೋಡುವವರಿಗೆ ಕಾಣುತ್ತದೆ. ಯಾವ ಊರಿನದೆಂದು ಕೇಳಿದೆವು. "ಬರ್ಮಾ ಎಂದರೆ ನಿಮಗೆ ಸಂತೋಷವಾಗುತ್ತದೆ, ನನಗೆ ಹಣವೂ ಹೆಚ್ಚು ಸಿಗುತ್ತದೆ. ಆದರೆ ನನಗೆ ಗೊತ್ತಿಲ್ಲ" ಎಂದರು. ಶಾಖ ಕೊಟ್ಟದ್ದೆಂದು ರಸೀದಿಯಲ್ಲಿ ತಾವಾಗಿಯೇ ಬರೆದರು. ಊರಿನಲ್ಲೇ ಇರುವ ಪರೀಕ್ಷಾಲಯಕ್ಕೆ ಕಳಿಸಿ, ವರದಿ ಬೇರೆ ಬಂದರೆ ಹಣ ಹಿಂದಿರುಗಿಸುವುದಾಗಿ ಅದೇ ಕಾಗದದಲ್ಲಿ ಸೇರಿಸಿದರು. ವರದಿ ಅವರು ಹೇಳಿದಂತೆಯೇ ಬಂತು: ನೈಸರ್ಗಿಕ ಮಾಣಿಕ್ಯ, ಶಾಖದ ಗುರುತಿದೆ, ಗಾಜಿಲ್ಲ.

ಆಚಾರ್ರೇ ಅದನ್ನು ಉಂಗುರಕ್ಕೆ ಕೂರಿಸಿದರು. ಬೆಸುಗೆ ಮುಗಿಸಿ ತಣಿದ ಮೇಲೆಯೇ ಕಲ್ಲಿಟ್ಟರು, ಹಿಂಬದಿ ತೆರೆದೇ ಬಿಟ್ಟರು. ಕೂಲಿ ತೆಗೆದುಕೊಳ್ಳಲು ಒಪ್ಪಲಿಲ್ಲ. ನಾವು ಬಲವಂತದಿಂದ ಕೊಟ್ಟೆವು.

ಚಿಕ್ಕದಾದ ಕಲ್ಲನ್ನು ಕಂಡು ಉಮ್ಮ ನಮ್ಮ ಮುಖ ನೋಡಿದರು. ಇನ್ನು ಮುಚ್ಚಿಡಲಾಗಲಿಲ್ಲ. ಮೋಸ ಹೋದದ್ದು, ಆಚಾರ್ರನ್ನು ಬೈದದ್ದು, ಮೂರು ತಿಂಗಳು ಸುಳ್ಳು ಹೇಳಿದ್ದು ಎಲ್ಲ ಹೇಳಿದೆವು. ಬೈಯುತ್ತಾರೆಂದು ಕಾದೆವು. ಅವರು ಎದ್ದು ಹೋಗಿ ಪೆಟ್ಟಿಗೆಯಿಂದ ಒಂದು ಬಟ್ಟೆಯ ಗಂಟು ತಂದರು. ಒಳಗೆ ಒಂದು ಕೆಂಪು ಕಲ್ಲಿತ್ತು, ಉಂಗುರವಿರಲಿಲ್ಲ. ಗೋಡೆಯ ಮೇಲೆ ಕುಣಿಯುತ್ತಿದ್ದ ನಮ್ಮ ಕೆಂಪು ಚುಕ್ಕೆ ಅದೇ.

1988ರ ಆ ಮಧ್ಯಾಹ್ನ ಪೇಟೆಯ ವ್ಯಾಪಾರಿ ಉಂಗುರದಿಂದ ಕಲ್ಲನ್ನು ಕಿತ್ತು ನೋಡಿ, "ಇದು ಮಾಡಿದ ಕಲ್ಲು ತಾಯಿ, ಚಿನ್ನಕ್ಕೆ ಮಾತ್ರ ಬೆಲೆ" ಎಂದು ಅದನ್ನು ಉಮ್ಮನ ಅಂಗೈಗೆ ಹಾಕಿದ್ದ. ಚಿನ್ನದ ಹಣ ಶುಲ್ಕಕ್ಕೆ ಸಾಲದೆ ಉಮ್ಮ ಸಾಲ ಮಾಡಿದ್ದರು. ಎರಡು ವರ್ಷ ರಾತ್ರಿ ಕೂತು ಬೀಡಿ ಕಟ್ಟಿ ಅದನ್ನು ತೀರಿಸಿದ್ದರು. ಬೀಡಿ ಕಟ್ಟುವುದನ್ನು ನಾವು ನೋಡಿದ್ದೆವು. ಮನೆಯ ಖರ್ಚಿಗೆಂದು ತಿಳಿದಿದ್ದೆವು.

"ನಮಗೆ ಯಾಕೆ ಹೇಳಲಿಲ್ಲ ಉಮ್ಮ?" ಎಂದು ತಂಗಿ ಕೇಳಿದಳು.

"ನನ್ನ ಬಾಪ ಮೋಸ ಹೋದರು ಎಂದು ಮಕ್ಕಳಿಗೆ ಹೇಗೆ ಹೇಳಲಿ? ಇಪ್ಪತ್ತು ವರ್ಷ ಅವರು ಬೆವರು ಸುರಿಸಿದ್ದು ಸುಳ್ಳಲ್ಲವಲ್ಲ."

ಜೈಪುರದಿಂದ ತಂದ ಮಸೂರದಲ್ಲಿ ಆ ಕಲ್ಲನ್ನು ನೋಡಿದೆವು. ಬಹಳ ಹೊತ್ತು ತಿರುಗಿಸಿದ ಮೇಲೆ ಒಳಗೆ ಗ್ರಾಮಫೋನ್ ತಟ್ಟೆಯ ಗೆರೆಗಳಂತೆ ಬಾಗಿದ ಗೆರೆಗಳು ಕಂಡವು. ಫ್ರಾನ್ಸಿನ ವೆರ್ನೂಯಿ ಎಂಬ ವಿಜ್ಞಾನಿ 1902ರಲ್ಲಿ ಪ್ರಕಟಿಸಿದ ವಿಧಾನದಿಂದ, ಪುಡಿಯನ್ನು ಜ್ವಾಲೆಯಲ್ಲಿ ಕರಗಿಸಿ ಬೆಳೆಸಿದ ಮಾಣಿಕ್ಯದ ಗುರುತು ಅದು. ಇಂಥ ಕಲ್ಲುಗಳು ಆ ಶತಮಾನದ ಆರಂಭದಿಂದಲೇ ಎಲ್ಲೆಡೆ ಹರಡಿದ್ದವು. ಗುಣದಲ್ಲಿ ಅದೂ ಕುರುಂದವೇ. ಗೀಚಿದರೆ, ಹಾಲಿನಲ್ಲಿಟ್ಟು ಬಣ್ಣ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಕೊಲಂಬೊದಲ್ಲಿ ಅಜ್ಜನಿಗೆ ಮಾರಿದವನಿಗೆ ಗೊತ್ತಿತ್ತೋ, ಅವನೂ ಮೋಸ ಹೋಗಿದ್ದನೋ, ಇನ್ನು ಯಾರನ್ನು ಕೇಳುವುದು?

ಮದುವೆಗೆ ಮಾಣಿಕ್ಯ ಕೊಳ್ಳಲು ಹೊರಟವರಿಗೆ ನಾವು ಹೇಳುವುದು ಇಷ್ಟೇ. ಬಣ್ಣವನ್ನು ನೋಡಲು ಕಣ್ಣಿಗೆ ಕಲಿಸಬಹುದು. ಅರ್ಧ ದಿನ ಕಿಟಕಿಯ ಬಳಿ ಕೂತರೆ ಸಾಕು. ಆದರೆ ಕಲ್ಲಿನ ಹುಟ್ಟನ್ನೂ ಅದಕ್ಕೆ ಆದ ಚಿಕಿತ್ಸೆಯನ್ನೂ ಕಣ್ಣು ಹೇಳಲಾರದು. ಅದಕ್ಕೆ ಪರೀಕ್ಷಾಲಯದ ವರದಿ ಬೇಕು, ಮಾರುವವನ ಲಿಖಿತ ಮಾತು ಬೇಕು. 2021ರಿಂದ ಚಿನ್ನಕ್ಕೆ ಹಾಲ್‌ಮಾರ್ಕ್ ಹಂತಹಂತವಾಗಿ ಕಡ್ಡಾಯವಾಗಿದೆ. ಆ ಮುದ್ರೆ ಚಿನ್ನದ ಮಾತು ಹೇಳುತ್ತದೆ, ಕಲ್ಲಿನ ಮಾತು ಹೇಳುವುದಿಲ್ಲ. ರಸೀದಿಯಲ್ಲಿ 'ನೈಸರ್ಗಿಕ ಮಾಣಿಕ್ಯ' ಎಂದು, ಶಾಖ ಕೊಟ್ಟಿದೆಯೇ ಎಂದು, ಗಾಜು ತುಂಬಿಲ್ಲವೆಂದು, ಕ್ಯಾರೆಟ್ ಎಷ್ಟೆಂದು ಬರೆಸಿಕೊಳ್ಳಿ. ಬರೆಯಲು ಹಿಂಜರಿಯುವವರ ಬಳಿ ಕೊಳ್ಳಬೇಡಿ. ಕೈಯಲ್ಲಿ ಹಣ ಕಡಿಮೆಯಿದ್ದರೆ ಚಿಕ್ಕದನ್ನು ಕೊಳ್ಳಿ, ಇಲ್ಲವೇ ಮಾಡಿದ ಕಲ್ಲನ್ನೇ ಮಾಡಿದ ಕಲ್ಲೆಂದು ತಿಳಿದು, ಅದರ ಬೆಲೆಗೆ ಕೊಳ್ಳಿ. ಅದರಲ್ಲಿ ಅವಮಾನವಿಲ್ಲ.

ಉಮ್ಮ 2019ರಲ್ಲಿ ತೀರಿಕೊಂಡರು. ಉಂಗುರ ಈಗ ತಂಗಿಯ ಬೆರಳಿನಲ್ಲಿದೆ, ವರದಿಯ ಕಾಗದ ಅವಳ ಕಪಾಟಿನಲ್ಲಿದೆ. ಅಜ್ಜನ ಕಲ್ಲು ಬಟ್ಟೆಯ ಗಂಟಿನಲ್ಲೇ ಇದೆ. ಬಿರುಕುಬಿಟ್ಟ ಆ ಐದು ಕ್ಯಾರೆಟ್ಟಿನ ಕಲ್ಲನ್ನೂ ನಾವು ಎಸೆದಿಲ್ಲ. ಬಂಗಾರದಂಗಡಿಗೆ ಹೊರಟವರು ಯಾರಾದರೂ ಮನೆಗೆ ಬಂದರೆ ಅದನ್ನು ಬಿಳಿ ಕಾಗದದ ಮೇಲಿಟ್ಟು ತೋರಿಸುತ್ತೇವೆ, ಆಚಾರ್ರ ಕಥೆಯನ್ನೂ ಹೇಳುತ್ತೇವೆ.